ನಮ್ಮ ಹೆಸರೂ ಗೊತ್ತಿಲ್ಲದವರ ಮೇಲೆ ನಮ್ಮ ಪ್ರೀತಿ

ಹೊನ್ನಾವರ ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ಹತ್ತಿದೆ. ಎದುರಿನ ಗಾಜಿನ ಮೇಲೆ ಶಂಕರ್ ನಾಗ್ ಫೋಟೋ. ಅದರ ಮೂಲೆಗೆ ಸಿಕ್ಕಿಸಿದ ಅಬ್ಬಲಿಗೆ ಹೂವು ಇನ್ನೂ ಬಾಡಿರಲಿಲ್ಲ. ಆಟೋ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ನಾನು ಫೋಟೋ ನೋಡುತ್ತಿದ್ದುದನ್ನು ಕಂಡು, "ಶಂಕ್ರಣ್ಣ ನಮ್ಮೂರಿನವ್ರು ಅಲ್ವಾ ಅಕ್ಕಾ" ಎಂದ. ದನಿಯಲ್ಲಿ ಸ್ವಂತ ಅಣ್ಣನ ಮೇಲಿರುವಷ್ಟೇ ಸಲಿಗೆಯಿತ್ತು.

ಹೊನ್ನಾವರ ಮೂಲದ ಶಂಕರ್ ನಾಗ್ ತೀರಿಕೊಂಡಿದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನ ಅಪಘಾತದಲ್ಲಿ. ಆಗ ಈ ಹುಡುಗ ಹುಟ್ಟಿಯೇ ಇರಲಿಲ್ಲ. 1980ರ 'ಆಟೋ ರಾಜ'ದಲ್ಲಿ ಅವರು ಆಟೋ ಓಡಿಸುವವನಾಗಿ ನಟಿಸಿದ್ದರು. ಅಲ್ಲಿಂದ ಶುರುವಾದ ನಂಟು ತಂದೆಯಿಂದ ಮಗನಿಗೆ ಬಂದಿದೆ. ಒಮ್ಮೆಯೂ ನೋಡದವರ ಮೇಲೆ ಇಷ್ಟೊಂದು ಪ್ರೀತಿ ಹೇಗೆ ಹುಟ್ಟುತ್ತದೆ?

ಇದು ಸಿನಿಮಾದಿಂದ ಶುರುವಾದದ್ದಲ್ಲ. 1840ರ ದಶಕದ ಯುರೋಪಿನಲ್ಲಿ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್ ಕೈಗವಸಿಗಾಗಿ ಜನ ಕಿತ್ತಾಡುತ್ತಿದ್ದರು. ಕವಿ ಹೈನೆ 1844ರಲ್ಲಿ ಆ ಹುಚ್ಚಿಗೆ 'ಲಿಸ್ಟೋಮೇನಿಯಾ' ಎಂದು ಹೆಸರಿಟ್ಟ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅದಕ್ಕಿಂತ ಹತ್ತಿರದ ಉದಾಹರಣೆ ಯಕ್ಷಗಾನ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಲು ಜನ ಎಷ್ಟು ದೂರದಿಂದಲೂ ಬರುತ್ತಿದ್ದರು. ಅವರ ಪ್ರವೇಶಕ್ಕೆ ಬೀಳುತ್ತಿದ್ದ ಸಿಳ್ಳೆ ಇವತ್ತಿನ ಯಾವ ಸ್ಟಾರ್‌ಗೂ ಕಡಿಮೆಯಿರಲಿಲ್ಲ. 2012ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯವರಿಗೇ ಬಂದ ಹಾಗೆ ಸಂಭ್ರಮಪಟ್ಟೆವು. ಆದರೆ ಆ ಅಭಿಮಾನಕ್ಕೆ ಒಂದು ಬಾಗಿಲಿತ್ತು. ಅದು ಚೌಕಿ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ.

ನನ್ನ ಅಜ್ಜ ರಾತ್ರಿಯಿಡೀ ಆಟ ನೋಡಿ, ಬೆಳಗಿನ ಜಾವ ನನ್ನ ಕೈಹಿಡಿದು ಚೌಕಿಗೆ ಕರೆದೊಯ್ಯುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ರಂಗಸ್ಥಳ ನಡುಗಿಸಿದ್ದ ರಾಕ್ಷಸ ಅಲ್ಲಿ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದ. ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖದ ಬಣ್ಣ ತೆಗೆಯುತ್ತಿದ್ದ. ಕೆಂಪು, ಕಪ್ಪು ಎಲ್ಲ ಕಲಸಿಕೊಂಡು ಕುತ್ತಿಗೆಗೆ ಇಳಿಯುತ್ತಿತ್ತು. ಅದರಡಿ ಸುಸ್ತಾದ ಒಬ್ಬ ಮನುಷ್ಯ. ಅವರು ಅಜ್ಜನನ್ನು ನೋಡಿ, "ಈ ವರ್ಷ ಅಡಿಕೆಗೆ ಕೊಳೆ ಬಂತಾ?" ಎಂದು ಕೇಳುತ್ತಿದ್ದರು. ಅಜ್ಜನಿಗೆ ಅವರು ದೇವರೂ ಹೌದು, ಪರಿಚಯದವರೂ ಹೌದು.

ರೇಡಿಯೋ ಬಂದ ಮೇಲೆ ಆ ಬಾಗಿಲು ಮುಚ್ಚಿತು. ದನಿ ಮಾತ್ರ ಮನೆಯೊಳಗೇ ಬಂತು. 1950ರ ಸುಮಾರಿಗೆ ಅಮೆರಿಕದ ರೇಡಿಯೋದಲ್ಲಿ 'ಲೋನ್‌ಸಮ್ ಗ್ಯಾಲ್' ಎಂಬ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಒಬ್ಬ ಹೆಂಗಸು ಕೇಳುಗರನ್ನು ತನ್ನ ಪ್ರಿಯಕರನೆಂಬಂತೆ ಮಾತನಾಡಿಸುತ್ತಿದ್ದಳು. ಮದುವೆಯಾಗುತ್ತೀಯಾ ಎಂದು ಸಾವಿರಾರು ಪತ್ರ ಬಂದವು. ಇದನ್ನೂ, ಟಿವಿ ನಿರೂಪಕರನ್ನೂ ಇಟ್ಟುಕೊಂಡು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು 1956ರಲ್ಲಿ ಒಂದು ಪ್ರಬಂಧ ಬರೆದರು. ಈ ಒಮ್ಮುಖ ನಂಟಿಗೆ 'ಪ್ಯಾರಾಸೋಷಿಯಲ್' ಎಂಬ ಹೆಸರು ಕೊಟ್ಟವರು ಅವರೇ. ಕೇಂಬ್ರಿಜ್ ನಿಘಂಟು 2025ರಲ್ಲಿ ವರ್ಷದ ಪದವೆಂದು ಆರಿಸಿದ್ದು ಇದನ್ನೇ.

ಆ ಪ್ರಬಂಧದಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಒಂದು ಮಾತು. ಈ ನಂಟನ್ನು ಅವರು ಕಾಯಿಲೆ ಎನ್ನಲಿಲ್ಲ. ದಿನವೂ ಕಾಣುವ ಮುಖ, ಕೇಳುವ ದನಿ ಹತ್ತಿರದ್ದು ಅನಿಸುವುದು ಸಹಜ. ಅದೇ ನಿಜವಾದ ಒಡನಾಟದ ಜಾಗವನ್ನೆಲ್ಲ ತಿಂದುಹಾಕಿದರೆ ಮಾತ್ರ ತೊಂದರೆ.

ತೊಂದರೆ ಎಲ್ಲಿಂದ ಶುರು? 2002ರಲ್ಲಿ ಮನಃಶಾಸ್ತ್ರಜ್ಞ ಮ್ಯಾಕ್‌ಕಚನ್ ಮತ್ತು ಸಂಗಡಿಗರು ಅದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಮಜಲು. ಗೆಳೆಯರ ಜೊತೆ ನೆಚ್ಚಿನ ನಟನ ಬಗ್ಗೆ ಹರಟುವುದು ಮೊದಲನೆಯದು. ನಮ್ಮಲ್ಲಿ ಹೆಚ್ಚಿನವರು ಇರುವುದು ಇಲ್ಲೇ. ಅವನು ನನ್ನ ಜೀವದ ಜೀವ ಅನಿಸುವುದು ಎರಡನೆಯದು. ಅವನು ಹೇಳಿದರೆ ಕಾನೂನು ಮುರಿಯಲೂ ಸಿದ್ಧ ಎನ್ನುವುದು ಮೂರನೆಯದು.

ಕನ್ನಡದಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ಡಾ. ರಾಜ್‌ಕುಮಾರ್ ತಮ್ಮನ್ನು ಪೂಜಿಸುವವರನ್ನೇ 'ಅಭಿಮಾನಿ ದೇವರುಗಳು' ಎಂದು ಕರೆದರು. ಶಿರಸಿಯ ಮೂಲೆಯ ಹಳ್ಳಿಯಲ್ಲಿ ಕೂತು ಕೇಳಿದವನಿಗೂ ಅದು ತನಗೇ ಹೇಳಿದ ಮಾತು. ಒಮ್ಮುಖ ಪ್ರೀತಿಗೆ ಆ ಕಡೆಯಿಂದ ಉತ್ತರ ಬಂದ ಹಾಗಾಯಿತು. 2000ದಲ್ಲಿ ಕಾಡುಗಳ್ಳ ವೀರಪ್ಪನ್, ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿ ಇಟ್ಟಾಗ ಎಷ್ಟೋ ಮನೆಗಳಲ್ಲಿ ಹರಕೆ ಹೊತ್ತಿದ್ದರು. ಅದೇ ಪ್ರೀತಿ 2006ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಬೆಂಗಳೂರಿನ ಬೀದಿಗಳಲ್ಲಿ ಬೆಂಕಿಯಾಯಿತು, ಜೀವಗಳೂ ಹೋದವು. ಇದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಫೋನ್. ಲೈವ್‌ನಲ್ಲಿ ನಟಿಯೊಬ್ಬಳು "ಅಂಕೋಲಾದಿಂದ ಯಾರೋ ಹಾಯ್ ಅಂದಿದ್ದಾರೆ" ಎಂದು ಓದಿದರೆ ಕಾಲೇಜು ಹುಡುಗಿಗೆ ದಿನವಿಡೀ ಖುಷಿ. ತಪ್ಪೇನಿಲ್ಲ. ಆದರೆ ಅಲ್ಲಿ ಚೌಕಿಯೇ ಇಲ್ಲ. ಬಣ್ಣ ತೆಗೆಯುವುದನ್ನು ತೋರಿಸುವ ವಿಡಿಯೋ ಕೂಡ ಒಂದು ವೇಷ. ಅಡಿಕೆಗೆ ಕೊಳೆ ಬಂತಾ ಎಂದು ಕೇಳುವವರಿಲ್ಲ. ನನಗೆ ಆತಂಕ ಆಗುವುದು ಅಲ್ಲಿ.

ಹಾಗಂತ ಈ ಪ್ರೀತಿಯನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ಸುದ್ದಿ ಬಂದಾಗ ಶಿರಸಿಯ ನನ್ನ ಚಿಕ್ಕಮ್ಮ ಒಲೆಯ ಮೇಲಿದ್ದ ಸಾರನ್ನು ಅರ್ಧಕ್ಕೇ ಇಳಿಸಿ ಟಿವಿ ಮುಂದೆ ಕೂತರು. ಊಟ ಮಾಡಲಿಲ್ಲ. "ನಿನಗೇನು ನೆಂಟರಾ ಅವರು?" ಎಂದು ಚಿಕ್ಕಪ್ಪ ರೇಗಿದರು. ಚಿಕ್ಕಮ್ಮ ಮಾತಾಡಲಿಲ್ಲ. ಪುನೀತ್ ಕಣ್ಣುಗಳನ್ನು ದಾನ ಮಾಡಿದ ಸುದ್ದಿ ಆಮೇಲೆ ಬಂತು. ರಾಜ್ಯದಲ್ಲಿ ಎಷ್ಟೋ ಜನ ತಾವೂ ಕೊಡುತ್ತೇವೆ ಎಂದು ಮುಂದೆ ಬಂದರು. ತಿಂಗಳು ಕಳೆದು ನಾನು ಹೋದಾಗ ಚಿಕ್ಕಮ್ಮ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್ ತೆರೆದು, ಒಳಗಿಂದ ಇನ್ನೊಂದು ಕಾರ್ಡ್ ತೆಗೆದು ತೋರಿಸಿದರು. ನೇತ್ರದಾನದ್ದು. "ನಿನ್ನ ಚಿಕ್ಕಪ್ಪನ ಹತ್ರಾನೂ ಸಹಿ ಹಾಕಿಸಿದ್ದೇನೆ" ಎಂದರು.