ಗ್ಯಾಸ್ ಗೀಸರ್ ಹೊತ್ತದಿದ್ದರೆ ಮೊದಲು ನೀರು ನೋಡಿ

ಗೀಸರ್ ಹೊತ್ತುವುದಿಲ್ಲ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಹೊತ್ತಿಗೆ ಹೆಚ್ಚಿನ ಮನೆಗಳಲ್ಲಿ ಸಿಲಿಂಡರ್ ಬದಲಾಗಿರುತ್ತದೆ, ರೆಗ್ಯುಲೇಟರ್ ನಾಲ್ಕು ಸಲ ತಿರುವಿ ಆಗಿರುತ್ತದೆ. ಕಾಸರಗೋಡಿನ ಕಡೆ ತೊಂದರೆ ಸಿಗುವುದು ಹೆಚ್ಚಾಗಿ ನೀರಿನ ಪೈಪಿನಲ್ಲಿ.

ಈ ಗೀಸರಿನಲ್ಲಿ ಸದಾ ಉರಿಯುವ ಪೈಲಟ್ ದೀಪ ಇಲ್ಲ. ನಳ್ಳಿ ತಿರುಗಿಸಿದಾಗ ಹರಿಯುವ ನೀರು ಒಳಗಿನ ಡಯಾಫ್ರಾಮ್ ಎಂಬ ರಬ್ಬರ್ ಬಿಲ್ಲೆಯನ್ನು ಒತ್ತುತ್ತದೆ. ಬಿಲ್ಲೆ ಒಂದು ಪಿನ್ನನ್ನು ಸರಿಸುತ್ತದೆ, ಪಿನ್ ಮೈಕ್ರೋಸ್ವಿಚ್ಚನ್ನು ಎಬ್ಬಿಸುತ್ತದೆ. ಆಗಷ್ಟೇ ಟಿಕ್ ಟಿಕ್ ಎಂದು ಕಿಡಿ ಹಾರುತ್ತದೆ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ತೆರೆದು ಗ್ಯಾಸ್ ಬರುತ್ತದೆ. ನೀರು ಸಾಲದಿದ್ದರೆ ಗ್ಯಾಸಿಗೆ ದಾರಿಯೇ ತೆರೆಯದು. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಕಿವಿ ಕೊಡಿ.

ಟಿಕ್ ಟಿಕ್ ಸದ್ದೇ ಇಲ್ಲವೇ? ಕೈಶವರ್ ಬಿಚ್ಚಿ, ಬರಿಯ ಪೈಪಿನಿಂದ ನೀರು ಬಿಟ್ಟು ನೋಡಿ. ಹೊತ್ತಿಕೊಂಡರೆ ಶವರಿನ ತೂತುಗಳು ಕಟ್ಟಿವೆ ಎಂದರ್ಥ. ಖರ್ಚಿಲ್ಲದೆ ಕೆಲಸ ಮುಗಿಯಿತು. ಆಗಲೂ ಸದ್ದಿಲ್ಲದಿದ್ದರೆ ನೀರು ಒಳಬರುವ ಅರ್ಧ ಇಂಚಿನ ನಟ್ಟು ಬಿಚ್ಚಿ. ಅದರೊಳಗೆ ಹೊಲಿಗೆಯ ಬೆರಳಟೋಪಿಯಂಥ ಸಣ್ಣ ಜಾಲರಿ ಕೂತಿರುತ್ತದೆ. ಕಬ್ಬಿಣದಂಶದ ಬೋರ್‌ವೆಲ್ ನೀರಾದರೆ ಅದರ ಮೇಲೆ ಕಿತ್ತಳೆ ಬಣ್ಣದ ಲೋಳೆ ಕೆಸರು. ಸುರಂಗದ, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಬಾವಿಯ, ನೀರಾದರೆ ಮುರಕಲ್ಲಿನ ಮರಳು, ಕೊಳೆತ ಎಲೆಯ ಚೂರು. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಜಾಲರಿಯನ್ನೇ ತೆಗೆದು ಬಿಸಾಡುವವರಿದ್ದಾರೆ. ಆಮೇಲೆ ಅದೇ ಮರಳು ಡಯಾಫ್ರಾಮಿನ ಕೋಣೆ ಸೇರುತ್ತದೆ.

ಜಾಲರಿ ಸ್ವಚ್ಛವಿದ್ದರೆ ಒತ್ತಡದ ಲೆಕ್ಕ ಹಾಕಬೇಕು. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡ. ಅಂದರೆ ಟ್ಯಾಂಕಿನ ನೀರಿನ ಮಟ್ಟ ಗೀಸರಿಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.2 ಬಾರ್. ಹರಿಯುವಾಗ ಪೈಪಿನ ತಿರುವುಗಳಲ್ಲಿ ಅದರಲ್ಲೂ ಒಂದಿಷ್ಟು ಸೋರಿಹೋಗುತ್ತದೆ. ಗೀಸರಿಗೆ ಕನಿಷ್ಠ ಎಷ್ಟು ಬೇಕೆಂಬುದು ಪಕ್ಕದ ಸ್ಟಿಕ್ಕರಿನಲ್ಲಿ ಮೆಗಾಪಾಸ್ಕಲ್ ಲೆಕ್ಕದಲ್ಲಿ ಇರುತ್ತದೆ, 0.1 ಎಂದರೆ 1 ಬಾರ್. ಕೆಳಗಿನ ಬಚ್ಚಲಲ್ಲಿ ಚೆನ್ನಾಗಿ ಹೊತ್ತುವ ಗೀಸರ್ ಮಹಡಿಯಲ್ಲಿ ಮುಷ್ಕರ ಹೂಡುವುದು ಇದೇ ಕಾರಣಕ್ಕೆ. ಗುಡ್ಡದ ಸುರಂಗದಿಂದ ನೇರ ಪೈಪಿನಲ್ಲಿ ನೀರು ಬರುವ ಮನೆಗಳಲ್ಲಿ ಬೇಸಗೆ ಬಂದು ಹರಿವು ಸಣ್ಣದಾದಾಗಲೂ ಇದೇ ಕಥೆ. ಟ್ಯಾಂಕನ್ನು ಒಂದು ಮೀಟರ್ ಏರಿಸುವುದು, ಅರ್ಧ ಇಂಚಿನ ಪೈಪನ್ನು ಮುಕ್ಕಾಲು ಇಂಚಿಗೆ ಬದಲಿಸುವುದು, ಇಲ್ಲವೇ ಸಣ್ಣ ಪ್ರೆಷರ್ ಪಂಪ್ ಕೂರಿಸುವುದು: ಪರಿಹಾರ ಇಷ್ಟೇ. ಹೊಸ ಗೀಸರ್ ತಂದರೂ ಒತ್ತಡ ಹೆಚ್ಚದು.

ನೀರು ಜೋರಾಗಿದ್ದೂ ಸದ್ದಿಲ್ಲದಿದ್ದರೆ ಸೆಲ್ ನೋಡಿ. ಟಾರ್ಚಿಗೆ ಹಾಕುವ ದೊಡ್ಡ ಸೆಲ್ ಎರಡು, ತಲಾ 1.5 ವೋಲ್ಟ್. ರೀಚಾರ್ಜ್ ಆಗುವ ಸೆಲ್ 1.2 ವೋಲ್ಟ್ ಮಾತ್ರ ಕೊಡುವುದರಿಂದ ಅದನ್ನು ಹಾಕಬೇಡಿ. ನಮ್ಮ ಕಡಲತೀರದ ಗಾಳಿಗೆ ಸೆಲ್ಲಿನ ಸ್ಪ್ರಿಂಗ್ ಬೇಗ ಹಸಿರುಗಟ್ಟುತ್ತದೆ; ಉಜ್ಜಿ ತೆಗೆಯಿರಿ. ನಳ್ಳಿ ತೆರೆದಾಗ ಪಿನ್ ಸರಿಯುತ್ತಿದ್ದೂ ಕಿಡಿ ಇಲ್ಲದಿದ್ದರೆ ಮೈಕ್ರೋಸ್ವಿಚ್ ಅಥವಾ ಅದರ ವಯರಿನ ಮೇಲೆ ಸಂಶಯಪಡಬೇಕು. ಪಿನ್ ಅಲ್ಲಾಡದಿದ್ದರೆ ಡಯಾಫ್ರಾಮ್ ಹರಿದಿದೆ ಅಥವಾ ಸೆಟೆದಿದೆ.

ಕಿಡಿ ಇದೆ, ಬೆಂಕಿ ಇಲ್ಲ ಎಂದಾದರೆ ಮಾತ್ರ ಗ್ಯಾಸಿನ ಕಡೆ ಹೋಗಿ. ಸಿಲಿಂಡರ್ ಬದಲಿಸಿದ ಕೂಡಲೇ ಪೈಪಿನಲ್ಲಿ ಗಾಳಿ ಇರುತ್ತದೆ, ನಾಲ್ಕೈದು ಸಲ ನಳ್ಳಿ ತೆರೆದು ಮುಚ್ಚಬೇಕಾಗಬಹುದು. ಪ್ರತಿ ಸಲವೂ ನಡುವೆ ಒಂದೆರಡು ನಿಮಿಷ ಬಿಡಿ. ಬಿಡುವಿಲ್ಲದೆ ಪ್ರಯತ್ನಿಸಿದರೆ ಒಳಗೆ ಸೇರಿದ ಗ್ಯಾಸ್ ಒಮ್ಮೆಲೇ ಭುಗ್ ಎಂದು ಹೊತ್ತಿ ಹುಬ್ಬು ಸುಡುತ್ತದೆ. ರೆಗ್ಯುಲೇಟರ್ ಅಡುಗೆಮನೆಯದೇ, ಸುಮಾರು 30 ಮಿಲಿಬಾರಿನದ್ದು ಇರಬೇಕು. ಹೋಟೆಲಿನ ದೊಡ್ಡ ಒಲೆಯ ಹೈಪ್ರೆಷರ್ ರೆಗ್ಯುಲೇಟರ್ ಖಂಡಿತ ಬೇಡ. ತಿಂಗಳುಗಟ್ಟಲೆ ಉರಿಸದ ಗೀಸರಿನ ಬರ್ನರ್ ಬಾಯಲ್ಲಿ ಜೇಡ ಬಲೆ ಕಟ್ಟುವುದೂ ಮಾಮೂಲು. ಗ್ಯಾಸಿನ ವಾಸನೆ ಬಂದರೆ ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಿದರೆ ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿರಬಹುದು. ಉರಿಯ ಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದಲೇ ಬೆಂಕಿ ಇದೆಯೆಂದು ಯಂತ್ರಕ್ಕೆ ತಿಳಿಯುವುದು; ಮಸಿ ಅದನ್ನು ತಡೆಯುತ್ತದೆ. ಗ್ಯಾಸ್ ಬಂದ್ ಮಾಡಿ, ತಣಿದ ಮೇಲೆ ನಯವಾದ ಎಮೆರಿ ಕಾಗದದಿಂದ ಕಡ್ಡಿಯನ್ನು ಉಜ್ಜಿ, ಬುಡದ ಬಿಳಿ ಪಿಂಗಾಣಿ ಒಡೆಯದಂತೆ. 20 ನಿಮಿಷಕ್ಕೆ ಸರಿಯಾಗಿ ಆರಿದರೆ ಅದು ರಿಪೇರಿಯ ವಿಷಯವೇ ಅಲ್ಲ, ಒಳಗಿನ ಟೈಮರ್.

ಐದು ಹತ್ತು ನಿಮಿಷ ಉರಿದು, ಉರಿ ಹಳದಿಯಾಗಿ ಆರುವುದು ಎಲ್ಲಕ್ಕಿಂತ ಅಪಾಯದ ಲಕ್ಷಣ. ನಿಮಿಷಕ್ಕೆ 6 ಲೀಟರಿನ ಗೀಸರ್ 20 ನಿಮಿಷದಲ್ಲಿ ಸುಮಾರು 300 ಗ್ರಾಂ ಗ್ಯಾಸ್ ಸುಡುತ್ತದೆ. ಅಷ್ಟಕ್ಕೆ ಹೆಚ್ಚುಕಡಿಮೆ ನಾಲ್ಕು ಘನ ಮೀಟರ್ ಗಾಳಿ ಬೇಕು. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ, ಸುಮಾರು 2.7 ಮೀಟರ್ ಎತ್ತರದ ಬಚ್ಚಲಲ್ಲಿ ಇರುವುದೇ ಎಂಟು ಘನ ಮೀಟರ್ ಗಾಳಿ. ಆಮ್ಲಜನಕ ಕಡಿಮೆಯಾದಂತೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ತಲೆ ಭಾರವಾಗಿ, ಬಾಗಿಲು ತೆರೆಯುವಷ್ಟು ಶಕ್ತಿಯೂ ಉಳಿಯದೆ ಸತ್ತವರಿದ್ದಾರೆ. ಇಂಥ ಗೀಸರನ್ನು ಬಚ್ಚಲಿನಿಂದ ಹೊರಗೆ ಸಾಗಿಸಬೇಕು. ಮಾಡಿನ ಅಡಿ ಹೊರಗೋಡೆಗೆ ಕೂರಿಸಿ ಬಿಸಿನೀರಿನ ಪೈಪು ಮಾತ್ರ ಒಳಗೆ ತನ್ನಿ. ಮಳೆಗಾಲದ ಆಟಿ ತಿಂಗಳ ಗಾಳಿಮಳೆ ಉರಿಯನ್ನು ಆರಿಸುತ್ತದೆಂದು ಗೋಣಿ, ಪ್ಲಾಸ್ಟಿಕ್ ಸುತ್ತಬೇಡಿ. ಎರಚಲು ಬರುವ ಕಡೆಗೆ ಒಂದಡಿ ದೂರದಲ್ಲಿ ತಗಡು ಅಡ್ಡ ಹೊಡೆದು, ಗೀಸರಿನ ಮೇಲೂ ಕೆಳಗೂ ಖಾಲಿ ಬಿಡಿ.