'ಬೇಡ' ಅಂದವರೆಲ್ಲ ಒಂದೇ ಅಲ್ಲ: ಎಚ್‌ಪಿವಿ ಲಸಿಕೆ, ವಯಸ್ಕರು, ಎಚ್‌ಐವಿ

ಎಚ್‌ಪಿವಿ, ಎಚ್‌ಐವಿ: ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಮೊದಲನೆಯದು ಲೈಂಗಿಕ ಸಂಪರ್ಕದಿಂದ ಹರಡುವ, ಕ್ಯಾನ್ಸರ್ ತರಬಲ್ಲ ವೈರಸ್; ಎರಡನೆಯದು ಏಡ್ಸ್ ತರುವ ವೈರಸ್. ಎಚ್‌ಐವಿ ಇರುವ ಮತ್ತು ಇಲ್ಲದ ವಯಸ್ಕರು ಎಚ್‌ಪಿವಿ ಲಸಿಕೆಯ ಬಗ್ಗೆ ಏನನ್ನುತ್ತಾರೆ ಎಂಬ ಸಮೀಕ್ಷೆಗಳನ್ನು ಓದಲು ಕೂತಾಗ ನಾನೇ ಎರಡು ಸಲ ಎಡವಿದೆ. ಸಮೀಕ್ಷೆಗೆ ಉತ್ತರ ಕೊಡುವವರೂ ಎಡವುತ್ತಾರೆ, ಅದು ಗಮನದಲ್ಲಿರಲಿ.

ಮೊದಲು ಹಿನ್ನೆಲೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು 70% ಪ್ರಕರಣಗಳಿಗೆ ಎಚ್‌ಪಿವಿಯ 16 ಮತ್ತು 18ನೇ ಬಗೆಗಳೇ ಕಾರಣ. ಎಚ್‌ಐವಿ ಇರುವ ಮಹಿಳೆಯರಲ್ಲಿ ಈ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಸುಮಾರು 6 ಪಟ್ಟು ಹೆಚ್ಚು. ಎಚ್‌ಪಿವಿಯಿಂದ ಗುದದ್ವಾರದ ಕ್ಯಾನ್ಸರಿನ ಅಪಾಯವೂ ಇದೆ, ಅದು ಗಂಡಸರಿಗೂ ಬರುತ್ತದೆ. 'ಇದು ಹುಡುಗಿಯರ ಲಸಿಕೆ' ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಈಗ ಮನೋಭಾವದ ವಿಚಾರ. ಇಂಥ ಸಮೀಕ್ಷೆಗಳ ಕೋಷ್ಟಕದಲ್ಲಿ ಲಸಿಕೆ 'ಬೇಡ' ಅಂತ ಒಂದೇ ಕಾಲಂ ಇರುತ್ತದೆ. ಅದರೊಳಗೆ ಯಾರ್ಯಾರಿದ್ದಾರೆ ನೋಡಿ. 'ನನಗೆ ವಯಸ್ಸಾಯ್ತಲ್ಲ' ಅನ್ನುವವರು. 'ಡಾಕ್ಟರು ಹೇಳಲೇ ಇಲ್ಲ' ಅನ್ನುವವರು. 'ನನಗೇನೂ ಆಗಲ್ಲ' ಅನ್ನುವವರು. ಎಚ್‌ಐವಿ ಇರುವವರಾದರೆ 'ಲಸಿಕೆಯಿಂದಲೇ ನನಗೆ ಸೋಂಕು ತಗುಲೀತಾ?' ಎಂಬ ಭಯ ಬೇರೆ. ಇದಕ್ಕೆ ಉತ್ತರ ಸುಲಭ: ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ವೈರಸ್ಸಿನ ಹೊರಕವಚದ ಪ್ರೋಟೀನು ಮಾತ್ರ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಅದರಿಂದ ಸೋಂಕು ತಗಲುವುದಿಲ್ಲ.

ವಯಸ್ಸಿನ ಮಾತು ಅಷ್ಟು ಸಲೀಸಲ್ಲ. ಅಮೆರಿಕದಲ್ಲಿ 2018ರಲ್ಲಿ 45 ವರ್ಷದವರೆಗೂ ಅನುಮತಿ ಸಿಕ್ಕಿತು. ಆದರೆ 27ರಿಂದ 45 ವರ್ಷದವರು ವೈದ್ಯರ ಜೊತೆ ಮಾತಾಡಿ ನಿರ್ಧರಿಸಲಿ ಅನ್ನುವುದು ಅಲ್ಲಿನ ಸಲಹೆ. ಆಗಲೇ ತಗುಲಿರುವ ಸೋಂಕನ್ನು ಲಸಿಕೆ ವಾಸಿ ಮಾಡುವುದಿಲ್ಲ. ಹಾಗಾಗಿ 'ತಡವಾಯ್ತು' ಅನ್ನುವವರನ್ನು ಅಜ್ಞಾನಿಗಳೆಂದು ಬರೆದುಬಿಡುವುದು ನನಗೆ ಸರಿ ಕಾಣುವುದಿಲ್ಲ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ.

ಎರಡು ಗುಂಪುಗಳನ್ನು ಹೋಲಿಸುವಾಗ ಒಂದು ಬಲೆ ಇದೆ. ಎಚ್‌ಐವಿ ಇರುವವರು ಚಿಕಿತ್ಸಾ ಕೇಂದ್ರಕ್ಕೆ ನಿಯಮಿತವಾಗಿ ಹೋಗುತ್ತಾರೆ. ಅವರನ್ನು ಅಲ್ಲೇ ಮಾತಾಡಿಸಿ, ಉಳಿದವರನ್ನು ಬೀದಿಯಲ್ಲಿ ಮಾತಾಡಿಸಿದರೆ, 'ಎಚ್‌ಐವಿ ಇರುವವರಿಗೆ ಲಸಿಕೆಯ ಬಗ್ಗೆ ಒಲವು ಜಾಸ್ತಿ' ಅಂತ ಬಂದೀತು. ಆ ಒಲವು ಎಚ್‌ಐವಿಯಿಂದ ಬಂತೋ, ತಿಂಗಳು ತಿಂಗಳು ಎದುರು ಕೂರುವ ನರ್ಸಿನಿಂದ ಬಂತೋ?

'ಪುಕ್ಕಟೆ ಕೊಟ್ಟರೆ ಹಾಕಿಸಿಕೊಳ್ಳುತ್ತೀರಾ?' ಅನ್ನುವುದಕ್ಕೆ 'ಹೂಂ' ಅನ್ನಲು ಏನೂ ಖರ್ಚಿಲ್ಲ. ಡೋಸುಗಳ ಲೆಕ್ಕ ಹೇಳಿ ಕೇಳಬೇಕು. ಎಚ್‌ಐವಿ ಇದ್ದರೆ ಕನಿಷ್ಠ 2, ಸಾಧ್ಯವಾದರೆ 3 ಡೋಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರನೆಯದಕ್ಕೂ ಬರುತ್ತೀರಾ ಅಂದಾಗ ಎಷ್ಟು ಜನ 'ಹೂಂ' ಅಂದರು ಎಂಬುದನ್ನೇ ನಾನು ಮೊದಲು ಹುಡುಕುತ್ತೇನೆ.