ಅಕ್ಷರ ಜಾಥಾದಿಂದ ಅರಿವು ಕೇಂದ್ರದವರೆಗೆ: ನಮ್ಮ ಸೀಮೆಯ ಮಕ್ಕಳ ಓದಿನ ಕಥೆ

ವಿಜಯಪುರ, ಬಾಗಲಕೋಟೆ ಕಡೆಯ ಯಾವ ಹಳ್ಳಿಗೆ ಹೋಗಿ ಮಕ್ಕಳ ಓದಿನ ಬಗ್ಗೆ ಕೇಳಿದರೂ ಸಾಲು ಸಾಲು ಹೆಸರು ಕಿವಿಗೆ ಬೀಳುತ್ತವೆ. ನಲಿಕಲಿ, ವಿದ್ಯಾಗಮ, ಓದುವ ಬೆಳಕು, ಕಲಿಕಾ ಚೇತರಿಕೆ, ಕಲಿಕಾ ಹಬ್ಬ, ಅರಿವು ಕೇಂದ್ರ. ಕೆಲವು ಶಿಕ್ಷಣ ಇಲಾಖೆಯವು, ಕೆಲವು ಪಂಚಾಯತಿಯವು. ಕೆಲವು ನಿಂತು ವರ್ಷಗಳಾದರೂ ಗೋಡೆ ಬರಹ ಹಾಗೇ ಇದೆ. ಈಗ ಯಾವುದು ನಡೆಯುತ್ತಿದೆ ಅಂತ ಊರವರಿಗೇ ಗೊಂದಲ. ಹೆತ್ತವರು ಕೇಳುವುದು ಮಾತ್ರ ಸರಳ. ಹುಡುಗ ನಾಲ್ಕು ಮಂದಿ ಮುಂದೆ ಅಂಜದೆ ಓದುತ್ತಾನಾ? ಹುಡುಗಿ ಏಳನೇ ಇಯತ್ತೆ ಆದ ಮೇಲೂ ಶಾಲೆಯಲ್ಲಿ ಉಳಿಯುತ್ತಾಳಾ?

ಹಳೆಯದನ್ನು ಬೇಗ ಹೇಳಿಬಿಡಬಹುದು. ಮುಂಬೈ ಪ್ರಾಂತ್ಯದ ಕಾಲದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರು ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, 1910ರಲ್ಲಿ ವಿಜಯಪುರದ ಬಿ.ಎಲ್.ಡಿ.ಇ., 1916ರಲ್ಲಿ ಬೆಳಗಾವಿಯ ಕೆ.ಎಲ್.ಇ. ಶಿಕ್ಷಣ ಸಂಸ್ಥೆಗಳು ಹುಟ್ಟಿದವು. 1956ರ ಏಕೀಕರಣದ ನಂತರ ಸರ್ಕಾರಿ ಶಾಲೆ ಒಂದೊಂದೇ ಊರು ಮುಟ್ಟಿತು. ಶಾಲೆ ಬಂತು, ಆದರೆ ಓದು ಊರಿನ ಮಾತಾಗಲಿಲ್ಲ. ಅದು ಮಾಸ್ತರರ ಕೆಲಸವಾಗಿಯೇ ಉಳಿಯಿತು.

ಮಾಸ್ತರರಿಗೂ ಊರಿಗೂ ನಡುವಿನ ಆ ಗೆರೆ ಮೊದಲು ಅಳಿಸಿದ್ದು ಸಾಕ್ಷರತಾ ಆಂದೋಲನ. ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದದ್ದು 1988ರಲ್ಲಿ. 1990ರಲ್ಲಿ ಕೇರಳದ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಅನಿಸಿಕೊಂಡಿತು. ಆ ಗಾಳಿ ತೊಂಬತ್ತರ ದಶಕದಲ್ಲಿ ಅವಿಭಜಿತ ವಿಜಯಪುರ ಜಿಲ್ಲೆಗೂ ಬೀಸಿತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೀದಿ ನಾಟಕ, ಹಾಡು, ಜಾಥಾ, ರಾತ್ರಿ ಕಂದೀಲು ಹಚ್ಚಿಕೊಂಡು ಪಾಠ. ಕಲಿಯಬೇಕಾದವರು 15ರಿಂದ 35 ವರ್ಷದವರು. ಕಲಿಸುವವರಿಗೆ ಸಂಬಳ ಇಲ್ಲ. ಹಾಗಾಗಿ ಎಷ್ಟೋ ಕಡೆ ಹೈಸ್ಕೂಲು, ಪಿಯುಸಿ ಓದುವ ಹುಡುಗ ಹುಡುಗಿಯರೇ ಮಾಸ್ತರರಾದರು. ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ ಓಣಿಯ ಹೆಂಗಸರಿಗೆ ಅಕ್ಷರ ತಿದ್ದಿಸಿದಳು. ಆಂದೋಲನದ ಲೆಕ್ಕ ಹಾಕುವಾಗ ಎಷ್ಟು ಮಂದಿ ದೊಡ್ಡವರು ಕಲಿತರು ಅಂತ ನೋಡುತ್ತಾರೆ. ಕಲಿಸಿದ ಮಕ್ಕಳಿಗೆ ಏನಾಯಿತು ಅಂತ ಯಾರೂ ಅಷ್ಟಾಗಿ ಕೇಳಲಿಲ್ಲ. ನನ್ನ ಮಟ್ಟಿಗೆ ಅದೇ ಆ ಕಾಲದ ದೊಡ್ಡ ಪಾಠ.

ಆಂದೋಲನ ಮುಗಿದಾಗ ಕಂದೀಲೂ ಆರಿತು. ಓದಲು ಕಲಿತವರಿಗೆ ಮುಂದೆ ಓದಲು ಏನೂ ಸಿಗಲಿಲ್ಲ. 1989ರಲ್ಲಿ ವಿಜಯಪುರ ಜಿಲ್ಲೆಯಲ್ಲೂ ಶುರುವಾದ ಮಹಿಳಾ ಸಮಾಖ್ಯಾ ಅನ್ನುವ ಸರ್ಕಾರಿ ಕಾರ್ಯಕ್ರಮ ಹೆಂಗಸರನ್ನು ಸಂಘಗಳಲ್ಲಿ ಒಗ್ಗೂಡಿಸಿ, ಶಾಲೆ ಬಿಟ್ಟ ಹುಡುಗಿಯರಿಗೆ ಶಿಕ್ಷಣ ಕೇಂದ್ರ ನಡೆಸಿತು. ಅದೂ ಕೆಲವು ವರ್ಷಗಳ ಹಿಂದೆ ನಿಂತಿತು. 2011ರ ಜನಗಣತಿ ಬಂದಾಗ ಸಾಕ್ಷರತೆ ರಾಜ್ಯದಲ್ಲಿ ಶೇ 75, ಬೆಳಗಾವಿಯಲ್ಲಿ 73, ಬಾಗಲಕೋಟೆಯಲ್ಲಿ 69, ವಿಜಯಪುರದಲ್ಲಿ 67ರ ಆಸುಪಾಸು ಇತ್ತು.

ನಡುವೆ ಶಾಲೆಯೊಳಗೂ ಬದಲಾವಣೆ ಆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ, ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಮ್ಮ ಭಾಗಕ್ಕೆ ಅದು ವಿಶೇಷವಾಗಿ ಹೊಂದುತ್ತಿತ್ತು. ಯಾಕೆಂದರೆ ದೀಪಾವಳಿ ಹೊತ್ತಿಗೆ ಎಷ್ಟೋ ಮನೆಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೊರಡುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ, ಬರುವುದು ಬೇಸಿಗೆಗೆ. ಹಳೆಯ ಪದ್ಧತಿಯಲ್ಲಿ ಹಾಗೆ ಬಂದ ಮಗುವಿಗೆ ಎಂಟು ಪಾಠ ತಪ್ಪಿರುತ್ತಿತ್ತು, ಅದರ ಜೊತೆ ಮರ್ಯಾದೆಯೂ ಹೋಗುತ್ತಿತ್ತು. ನಲಿಕಲಿಯ ಕಲಿಕಾ ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಆದರೆ ಏಣಿ ಇದ್ದದ್ದು ಮೂರನೇ ಇಯತ್ತೆಯವರೆಗೆ. ನಾಲ್ಕಕ್ಕೆ ಹೋದ ಕೂಡಲೇ ಅದೇ ಮಗು ‘ಹಿಂದುಳಿದವ’ ಆಗಿಬಿಡುತ್ತಿತ್ತು.

ಈಗಿನ ಗೊಂದಲಕ್ಕೂ ಈಗಿನ ಭರವಸೆಗೂ ಬೇರು 2020ರಲ್ಲಿದೆ. ಕೊರೊನಾದಿಂದ ಶಾಲೆ ಮುಚ್ಚಿತ್ತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಗುಡಿಯ ಪೌಳಿ, ಸಮುದಾಯ ಭವನ, ಬೇವಿನ ಮರದ ನೆರಳು, ಎಲ್ಲಿ ಜಾಗ ಇತ್ತೋ ಅಲ್ಲಿ ಪಾಠ. ಶಿಕ್ಷಕರು ಓಣಿಗೇ ಬಂದರು. ಮನೆ ಬಾಗಿಲಲ್ಲಿ ನಿಂತು ಮಗಳು ಓದುವುದನ್ನು ಎಷ್ಟೋ ಅವ್ವಂದಿರು ಮೊದಲ ಸಲ ಕಂಡದ್ದು ಆಗಲೇ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಮತ್ತೆ ಶುರುವಾದಾಗ ಶಾಲೆಯ ಆವರಣಕ್ಕೆ ಸರಿದಿತ್ತು.

ಈ ಎರಡರ ನಡುವಿನ ನವೆಂಬರ್‌ನಲ್ಲಿ, ಮಕ್ಕಳ ದಿನಾಚರಣೆಯಂದು, ಹಳ್ಳಿ ಗ್ರಂಥಾಲಯಗಳ ಮೂಲಕ ಮಕ್ಕಳನ್ನು ಓದಿಗೆ ಸೆಳೆಯುವ ಓದುವ ಬೆಳಕು ಶುರುವಾಯಿತು. ಇದು ಶಿಕ್ಷಣ ಇಲಾಖೆಯದ್ದಲ್ಲ, ಪಂಚಾಯತ್ ರಾಜ್ ಇಲಾಖೆಯದ್ದು. ಗೊಂದಲ ಹುಟ್ಟುವುದು ಇಲ್ಲೇ. ಗ್ರಂಥಾಲಯ ಕಾಯ್ದೆ 1965ರದ್ದು. ಮನೆ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಆದರೂ ಹಳ್ಳಿಯ ಗ್ರಂಥಾಲಯ ಅಂದರೆ ಬಹಳ ಕಡೆ ಒಂದು ಕೋಣೆ, ಎರಡು ಪೇಪರು, ಅದನ್ನು ಓದುವ ನಾಲ್ಕು ಮಂದಿ ಹಿರಿಯರು. 2019ರಲ್ಲಿ ರಾಜ್ಯದ 5,500ಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತಿಗಳಿಗೆ ಬಂದವು. ಮರುವರ್ಷ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಊರವರಿಂದ ಪುಸ್ತಕ ಕೇಳಿ ತಂದರು. ಗೋಡೆಗೆ ಚಿತ್ರ, ಒಳಗೆ ಕೇರಂ, ಚೆಸ್, ಕೆಲವು ಕಡೆ ಕಂಪ್ಯೂಟರ್ ಬಂದವು. ಅವೇ ಇವತ್ತಿನ ಅರಿವು ಕೇಂದ್ರಗಳು.

ಇಲ್ಲಿ ಏನು ನಡೆಯುತ್ತದೆ ಅನ್ನುವುದು ಮೇಲ್ವಿಚಾರಕರ ಮೇಲೆ ನಿಂತಿದೆ. ಕೆಲವರು ಬೀಗ ತೆಗೆದು ಕುರ್ಚಿಯಲ್ಲಿ ಕೂರುತ್ತಾರೆ. ಬಹಳ ವರ್ಷ ಸಣ್ಣ ಗೌರವಧನಕ್ಕೆ ದುಡಿದವರಿಂದ ಜಾಸ್ತಿ ಕೇಳುವುದಾದರೂ ಹೇಗೆ? ಆದರೆ ಕೆಲವರು ಸಂಜೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಕಥೆ ಓದುತ್ತಾರೆ. ಅರ್ಧಕ್ಕೆ ನಿಲ್ಲಿಸಿ ‘ಮುಂದ ಏನಾಗಿರಬೇಕ್ರಪ್ಪಾ?’ ಅಂತ ಕೇಳುತ್ತಾರೆ. ಇದಕ್ಕೆ ತಪ್ಪು ಉತ್ತರ ಅಂತ ಇಲ್ಲ, ಅಲ್ವಾ? ಶಾಲೆಯಲ್ಲಿ ‘ನನಗ ಓದಾಕ ಬರೂದಿಲ್ರೀ’ ಅನ್ನುವ ಹುಡುಗನೂ ಇಲ್ಲಿ ಬಾಯಿ ಬಿಡುತ್ತಾನೆ. ಕೆಂಪು ಪೆನ್ನಿನ ಗೆರೆ ಇಲ್ಲ, ಪರೀಕ್ಷೆ ಇಲ್ಲ. ಪುಸ್ತಕ ಅವನೇ ಆರಿಸಬಹುದು, ಬೇಜಾರಾದರೆ ಅರ್ಧಕ್ಕೇ ಇಡಬಹುದು. ರಿಜಿಸ್ಟರಿನಲ್ಲಿ ಅವನದೇ ಹೆಸರಿದೆ. ಐದನೆಯವರು ಒಂದನೆಯವರಿಗೆ ಓದಿ ಹೇಳುವ ರೂಢಿ ಬಿದ್ದರೆ ಮೇಲ್ವಿಚಾರಕರ ಅರ್ಧ ಕೆಲಸ ಹಗುರ. ಸಾಕ್ಷರತಾ ಕಾಲದ ಆ ಹುಡುಗಿಯರ ಗುಟ್ಟೂ ಇದೇ ಆಗಿತ್ತು.

ತಾಂಡಾಗಳಲ್ಲಿ ಇದು ಇನ್ನೂ ಮುಖ್ಯ. ವಿಜಯಪುರ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳು ಬಹಳ. ಅಲ್ಲಿನ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಒಂದನೇ ಇಯತ್ತೆಯಲ್ಲಿ ಏಕಾಏಕಿ ಪುಸ್ತಕದ ಕನ್ನಡ ಎದುರಾಗುತ್ತದೆ. ಬೆಳಗಾವಿ ತಾಲ್ಲೂಕಿನ ಮರಾಠಿ ಮನೆಗಳ, ವಿಜಯಪುರ ನಗರದ ಉರ್ದು ಮನೆಗಳ ಮಕ್ಕಳಲ್ಲೂ ಕನ್ನಡ ಶಾಲೆಗೆ ಬರುವವರಿದ್ದಾರೆ. ಅಷ್ಟೇಕೆ, ನಮ್ಮ ಜವಾರಿ ಕನ್ನಡದ ಮಗುವಿಗೂ ಪಠ್ಯದ ಕನ್ನಡ ಅರ್ಧ ಪರಊರಿನದೇ. ಅಜ್ಜಿಯ ಕಥೆಯನ್ನು ಮೊದಲು ಮನೆಮಾತಿನಲ್ಲಿ ಹೇಳು, ಆಮೇಲೆ ಎಲ್ಲರೂ ಸೇರಿ ಕನ್ನಡದಲ್ಲಿ ಬರೆಯೋಣ ಅಂದರೆ ಸಾಕು, ಅದುವರೆಗೆ ಸುಮ್ನೆ ಕೂತಿದ್ದ ಮಗುವೇ ಅವತ್ತು ಎಲ್ಲರಿಗೂ ಹೇಳಿಕೊಡುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ. ಆದರೆ ದಿನಾ ಸಂಜೆ ಅದೇ ಮನುಷ್ಯ, ಅದೇ ಜಾಗ ಬೇಕು.

ಮೂವತ್ತು ವರ್ಷಗಳಿಂದ ತಪ್ಪುತ್ತಾ ಬಂದದ್ದು ಅದೇ ಅನಿಸುತ್ತದೆ. ಅಧಿಕಾರಿಗಳು ವರ್ಗ ಆಗುತ್ತಾರೆ, ಆಂದೋಲನಕ್ಕೆ ಅವಧಿ ಇರುತ್ತದೆ, ಇಲಾಖೆಗಳ ನಡುವೆ ಗೋಡೆ ಇರುತ್ತದೆ. ಪ್ರತಿ ಯೋಜನೆಯೂ ತನ್ನಷ್ಟಕ್ಕೆ ಸರಿಯಾಗಿಯೇ ಇತ್ತು. ಲೆಕ್ಕ ಮಾತ್ರ ಯಾವಾಗಲೂ ನೋಂದಣಿಯದ್ದು. ಎಷ್ಟು ಮಕ್ಕಳಿಗೆ ಕಾರ್ಡ್ ಆಯಿತು ಅಂತ ಬರೆಯುತ್ತಾರೆ. ಎಷ್ಟು ಮಕ್ಕಳು ಎರಡನೇ ವಾರವೂ ಬಂದರು ಅಂತ ಬರೆಯಲು ಕಾಲಂ ಇದ್ದಿದ್ದರೆ ಕೆಲಸದ ದಾರಿಯೇ ಬೇರೆ ಆಗುತ್ತಿತ್ತೇನೋ.

ಇನ್ನೊಂದು ಕಾಲಂ ಹುಡುಗಿಯರದ್ದು. ಗ್ರಂಥಾಲಯ ಬಸ್ ನಿಲ್ದಾಣದ ಕಟ್ಟೆ ಪಕ್ಕ ಇದ್ದರೆ ಏಳನೇ ಇಯತ್ತೆ ದಾಟಿದ ಹುಡುಗಿಯರನ್ನು ಮನೆಯವರು ಸಂಜೆ ಕಳಿಸುವುದಿಲ್ಲ. ಕಟ್ಟೆ ಮೇಲೆ ಯಾರು ಕೂತಿರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಶಾಲೆಯ ಹತ್ತಿರ ಇದ್ದರೆ ಈ ಅಂಜಿಕೆ ಅಷ್ಟಿರುವುದಿಲ್ಲ. ಹೊಸ ಕಟ್ಟಡಕ್ಕೆ ಜಾಗ ನೋಡುವುದು, ಬಾಗಿಲು ಎಷ್ಟು ಹೊತ್ತಿಗೆ ತೆಗೆಯಬೇಕು ಅಂತ ಚರ್ಚಿಸುವುದು ಪಂಚಾಯತಿಯ ಕೈಯಲ್ಲಿದೆ. ಅದೇ ಪಂಚಾಯತಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ, ಮಕ್ಕಳೇ ತಮ್ಮ ಬೇಡಿಕೆ ಹೇಳುವ ಮಕ್ಕಳ ಗ್ರಾಮ ಸಭೆ ಕರೆಯುತ್ತದೆ. ಕಬ್ಬಿಗೆ ಹೋಗುವ ಮನೆಗಳ ಮಕ್ಕಳು ಆ ಹೊತ್ತಿಗೆ ಊರಲ್ಲಿರುವುದಿಲ್ಲ. ಸಭೆಯನ್ನು ದಸರೆಗೆ ಮುಂಚೆಯೇ ಇಟ್ಟರೆ ಅವರೂ ಬಂದು ಹೋದ ವರ್ಷ ಕೇಳಿದ್ದು ಏನಾಯಿತು ಅಂತ ವಿಚಾರಿಸಬಹುದು.